ವೈದ್ಯನ ಮನೆಯ ಕಿರ್ದಿ

ಮನೆತನದಲ್ಲಿ ಒಬ್ಬನಾದರೂ ವೈದ್ಯನಾಗಬೇಕೆಂಬ ಹಂಬಲ ನಮ್ಮ ಕಡೆಯ ಕುಟುಂಬಗಳಲ್ಲಿ ಇಂದು ನಿನ್ನೆಯದಲ್ಲ. 1957ರಲ್ಲಿ ಹುಬ್ಬಳ್ಳಿಯಲ್ಲಿ, 1963ರಲ್ಲಿ ಬೆಳಗಾವಿಯಲ್ಲಿ, 1965ರಲ್ಲಿ ದಾವಣಗೆರೆಯಲ್ಲಿ ವೈದ್ಯಕೀಯ ಮಹಾವಿದ್ಯಾಲಯಗಳು ತೆರೆದ ಮೇಲೆ ಆ ಹಂಬಲಕ್ಕೆ ಕಾಲು ಬಂದವು. ಒಕ್ಕಲುತನದ ಮನೆಗಳಿಂದಲೂ, ಸಣ್ಣ ವ್ಯಾಪಾರದ ಮನೆಗಳಿಂದಲೂ ಮಕ್ಕಳು ಹೋಗಿ ವೈದ್ಯರಾಗಿ ಬಂದರು. ಓದಿನ ಖರ್ಚಿನ ಲೆಕ್ಕ ಹಾಕದ ತಂದೆ-ತಾಯಿಗಳಿಲ್ಲ. ಸೀಟಿಗೆ ಎಷ್ಟು, ವಸತಿಗೆ ಎಷ್ಟು, ಮುಂದಿನ ಎಂ.ಡಿ. ಓದಿಗೆ ಎಷ್ಟು ಎಂದು ರಾತ್ರಿಯೆಲ್ಲ ಕುಳಿತು ಕೂಡಿಸಿ ಕಳೆಯುತ್ತಾರೆ. ಆದರೆ ಓದು ಮುಗಿದು ಬಾಗಿಲಿಗೆ ಫಲಕ ತೂಗಿದ ಮರುದಿನದಿಂದ ಆರಂಭವಾಗುವ ಲೆಕ್ಕವನ್ನು ಹಾಕಿದ ಮನೆಗಳನ್ನು ನಾವು ಕಂಡದ್ದು ಬಹಳ ಕಡಿಮೆ. ವೈದ್ಯನ ಕೈಗೆ ಹಣ ತಾನಾಗಿ ಬರುತ್ತದೆ, ಬಂದದ್ದು ತಾನಾಗಿ ಉಳಿಯುತ್ತದೆ ಎಂಬ ನಂಬಿಕೆ ಎಲ್ಲರಲ್ಲಿಯೂ ಇದೆ. ವೈದ್ಯರಲ್ಲಿಯೂ ಇದೆ. ಐದೂವರೆ ವರ್ಷಗಳ ವ್ಯಾಸಂಗದಲ್ಲಿ ಜಮಾಖರ್ಚಿನ ಕುರಿತು ಒಂದು ಗಂಟೆಯ ಪಾಠವನ್ನಾದರೂ ಕೇಳಿದ್ದಿರೇ ಎಂದು ನಾವು ಪರಿಚಿತ ವೈದ್ಯರನೇಕರನ್ನು ವಿಚಾರಿಸಿದ್ದೇವೆ. ಅವರು ನಕ್ಕು ಸುಮ್ಮನಾಗಿದ್ದಾರೆ.

ವ್ಯಾಕರಣ, ಅಲಂಕಾರ, ದರ್ಶನಗಳಲ್ಲಿ ಆಯುಷ್ಯ ಕಳೆದ ನಮಗೆ ಈ ವಿಷಯದ ಗೊಡವೆ ಏಕೆಂದು ವಾಚಕರು ಕೇಳಬಹುದು. ಮಠದಲ್ಲಿದ್ದುಕೊಂಡು ಓದಿದ ನಮ್ಮಂಥವರಿಗೆ ಸಂಸ್ಕೃತದೊಡನೆ ಇನ್ನೊಂದು ವಿದ್ಯೆಯೂ ಬಂತು. ಮಠದ ಕಾರಭಾರಿಗಳು ವೃದ್ಧರು, ಕಣ್ಣು ಮಂದವಾಗಿದ್ದವರು. ಸಂಜೆಯ ಪಾಠ ಮುಗಿದ ಮೇಲೆ ಅವರು ಹೇಳುತ್ತಿದ್ದರು, ನಾವು ಬರೆಯುತ್ತಿದ್ದೆವು. ದಿನದ ಕಿರ್ದಿ, ಅದರಿಂದ ಖತಾವಣಿ, ತಿಂಗಳ ಕೊನೆಗೆ ಆಖೈರು ಶಿಲ್ಕು. ದಾಸೋಹದ ಲೆಕ್ಕ ಬೇರೆ, ಪಾಠಶಾಲೆಯ ಲೆಕ್ಕ ಬೇರೆ, ಹೊಲಗದ್ದೆಗಳ ಲೆಕ್ಕ ಬೇರೆ. ಪಾಠಶಾಲೆಯ ಮಾಡು ಸೋರುತ್ತಿದ್ದರೂ ದಾಸೋಹಕ್ಕೆಂದು ಬಂದ ಜೋಳ ಮಾರಿ ಹಂಚು ತರುವಂತಿರಲಿಲ್ಲ. ತರಲೇಬೇಕಾದರೆ ಒಂದು ಖಾತೆಯಿಂದ ಇನ್ನೊಂದಕ್ಕೆ ಕಡವೆಂದು ಬರೆದು, ಸುಗ್ಗಿಗೆ ತೀರಿಸಬೇಕು. ನಾಲ್ಕಾಣೆ ಹೊಂದದಿದ್ದರೆ ಆ ರಾತ್ರಿ ಕಾರಭಾರಿಗಳು ಮಲಗುತ್ತಿರಲಿಲ್ಲ, ನಮ್ಮನ್ನೂ ಮಲಗಗೊಡುತ್ತಿರಲಿಲ್ಲ. ಆ ಅಭ್ಯಾಸದ ದೆಸೆಯಿಂದ ಬಂಧುಬಳಗದಲ್ಲಿ ಎಲ್ಲಿ ಲೆಕ್ಕ ಸಿಕ್ಕುಗಟ್ಟಿದರೂ ನಮಗೆ ಕರೆ ಬರುವುದು ರೂಢಿಯಾಯಿತು.

ಹಾಗೆ 2022ರ ಮಳೆಗಾಲದಲ್ಲಿ ನಮ್ಮ ಅಕ್ಕನಿಂದ ಕರೆ ಬಂತು. ಹಾವೇರಿ ಜಿಲ್ಲೆಯ ತಾಲೂಕು ಪಟ್ಟಣವೊಂದರಲ್ಲಿ ಆಕೆಯ ಮಗ, ನಮ್ಮ ಸೋದರಳಿಯ, 2018ರಲ್ಲಿ ಹತ್ತು ಹಾಸಿಗೆಗಳ ನರ್ಸಿಂಗ್ ಹೋಮ್ ತೆರೆದಿದ್ದ. ಆತ ಎಂ.ಡಿ. ಮಾಡಿದ ವೈದ್ಯ, ಅಕ್ಕನ ಸೊಸೆ ಸ್ತ್ರೀರೋಗ ತಜ್ಞೆ. ಇಬ್ಬರೂ ಹಗಲಿರುಳು ದುಡಿಯುವವರು, ಇಬ್ಬರ ಕೈಗುಣಕ್ಕೂ ಊರಲ್ಲಿ ಹೆಸರಿತ್ತು. ಹೊರಗೆ ನಿಂತು ನೋಡುವವರಿಗೆ ಆ ಮನೆಯಲ್ಲಿ ಲಕ್ಷ್ಮಿ ನೆಲೆಸಿದ್ದಾಳೆಂದೇ ಕಾಣುತ್ತಿತ್ತು. ಅಕ್ಕ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ತಮ್ಮಾ, ಹೊಲ ಉಳೀತದೋ ಇಲ್ಲೋ ನೋಡಿ ಹೇಳು ಬಾ.”

ಸಾಲ ಮಾಡುವಾಗ ಆಕೆ ತನ್ನ ಹೆಸರಿನ ನಾಲ್ಕು ಎಕರೆ ಹೊಲವನ್ನು ಪಟ್ಟಣದ ಸಹಕಾರಿ ಬ್ಯಾಂಕೊಂದಕ್ಕೆ ಅಡವಿಟ್ಟಿದ್ದಳು. ಪಹಣಿಯ 11ನೆಯ ಕಲಮಿನಲ್ಲಿ ಬೋಜಾ ಕುಳಿತಿತ್ತು. ಬ್ಯಾಂಕಿನವರಿಂದ ಎರಡು ನೋಟೀಸುಗಳು ಬಂದಿದ್ದವು.

ನಾವು ಒಂದು ವಾರ ಅಲ್ಲಿದ್ದೆವು. ಮೊದಲ ದಿನ ಅಳಿಯನನ್ನು ಕೇಳಿದೆವು: “ತಿಂಗಳಿಗೆ ಎಷ್ಟು ಬರ್ತದಪ್ಪಾ?” “ಸುಮಾರು ಬರ್ತದ ಮಾಮಾ” ಎಂದ. “ಎಷ್ಟು ಹೋಗ್ತದ?” “ಅದೂ ಸುಮಾರು ಹೋಗ್ತದ.” ರೋಗಿಯ ರಕ್ತದೊತ್ತಡವನ್ನು ‘ಸುಮಾರು’ ಎಂದು ಯಾವ ವೈದ್ಯನೂ ಬರೆಯುವುದಿಲ್ಲ. ಅದನ್ನು ಹೇಳಿದಾಗ ಆತನಿಗೆ ತುಸು ಸಿಟ್ಟೇ ಬಂತು. ಆದರೆ ಮರುದಿನ ಬೆಳಿಗ್ಗೆ ಚೀಟಿ, ಬಿಲ್ಲು, ಪಾಸುಪುಸ್ತಕಗಳಿದ್ದ ಎರಡು ರಟ್ಟಿನ ಪೆಟ್ಟಿಗೆಗಳನ್ನು ತಾನೇ ಹೊತ್ತು ತಂದು ನಮ್ಮ ಮುಂದಿಟ್ಟ.

ಪೆಟ್ಟಿಗೆಗಳೊಳಗೆ ಕಂಡದ್ದು ಹೊಸದೇನಲ್ಲ. ಇಂಥ ಹತ್ತು ಆಸ್ಪತ್ರೆಗಳಲ್ಲಿ ಎಂಟರಲ್ಲಿ ಅದೇ ಇರುತ್ತದೆಂದು ಆ ಊರಿನ ಲೆಕ್ಕ ಪರಿಶೋಧಕರು ನಮಗೆ ಹೇಳಿದರು. ಗಲ್ಲಾ ಪೆಟ್ಟಿಗೆ ಒಂದೇ, ಬ್ಯಾಂಕಿನ ಖಾತೆಯೂ ಒಂದೇ. ಆಕ್ಸಿಜನ್ ಸಿಲಿಂಡರಿನವನಿಗೆ ಕೊಟ್ಟದ್ದೂ ಅದರಿಂದಲೇ, ಮಗಳ ಶಾಲೆಯ ಶುಲ್ಕವೂ ಅದರಿಂದಲೇ, ಜಾತ್ರೆಯ ವಂತಿಗೆಯೂ ಅದರಿಂದಲೇ. ರಾತ್ರಿ ಗಲ್ಲಾದಲ್ಲಿ ಹಣ ಉಳಿದಿದ್ದರೆ ಅದು ಲಾಭ, ಇಲ್ಲದಿದ್ದರೆ ಕೈಗಡ. ಔಷಧಿ ಅಂಗಡಿಗೆ ಸಗಟು ವ್ಯಾಪಾರಿಗಳು ಉದ್ದರಿ ಕೊಡುತ್ತಿದ್ದುದರಿಂದ ಗಲ್ಲಾ ತುಂಬಿದಂತೆ ಕಾಣುತ್ತಿತ್ತು. ಆ ಹಣದಲ್ಲಿ ಅರ್ಧ ಪರರದ್ದು ಎಂಬುದು ಬಿಲ್ಲಿನ ಗಡುವು ಬಂದಾಗಲೇ ತಿಳಿಯುತ್ತಿತ್ತು.

ಮೂರು ದಿನ ಕುಳಿತು ಹಿಂದಿನ ಹನ್ನೆರಡು ತಿಂಗಳ ಕಿರ್ದಿಯನ್ನು ಹೊಸದಾಗಿ ಬರೆದೆವು. ಸರಾಸರಿ ತೆಗೆದಾಗ ತಿಂಗಳ ಜಮೆ 6 ಲಕ್ಷ ರೂಪಾಯಿ. ಸಿಬ್ಬಂದಿಯ ಪಗಾರ 1,60,000. ಔಷಧಿ ಖರೀದಿ 1,50,000. ವಿದ್ಯುತ್ತು, ಆಕ್ಸಿಜನ್, ಆಸ್ಪತ್ರೆಯ ಕಸ ಒಯ್ಯುವವರ ಶುಲ್ಕ, ದುರಸ್ತಿ ಎಲ್ಲ ಸೇರಿ 50,000. ಹೊರಗಿನಿಂದ ಬರುವ ಅರಿವಳಿಕೆ ತಜ್ಞರಿಗೆ, ಶಸ್ತ್ರಚಿಕಿತ್ಸಕರಿಗೆ 60,000. ಉಳಿದದ್ದು 1,80,000. ಅದರಲ್ಲಿ ಬ್ಯಾಂಕಿನ ಕಂತು 51,000, ಕಾರಿನ ಮತ್ತು ಬಂಗಾರದ ಸಾಲಗಳ ಕಂತು 37,000. ಕೈಗೆ ಬರುವುದು 92,000. ಮನೆಯ ಖರ್ಚು 1,10,000. ಎಂದರೆ ಪ್ರತಿ ತಿಂಗಳೂ 18,000 ರೂಪಾಯಿಗಳ ಕೊರತೆ. ಇದರಲ್ಲಿ ಆದಾಯ ತೆರಿಗೆಯ ಪ್ರಸ್ತಾಪವೇ ಬಂದಿಲ್ಲ. ಅದು ಮಾರ್ಚಿನಲ್ಲಿ ಸಿಡಿಲಿನಂತೆ ಬಂದು ಎರಗುತ್ತಿತ್ತು, ಅದಕ್ಕಾಗಿ ಇನ್ನೊಂದು ಕೈಗಡ.

ಆರು ಲಕ್ಷ ಜಮೆಯುಳ್ಳ ವೈದ್ಯ ಹದಿನೆಂಟು ಸಾವಿರಕ್ಕೆ ಮುಳುಗುತ್ತಾನೆಂದರೆ ಹಳ್ಳಿಯ ಜನ ನಂಬಲಾರರು. ಜಮೆ ಬೇರೆ, ಆದಾಯ ಬೇರೆ ಎಂಬ ಮೊದಲ ಪಾಠ ಆ ಮನೆಯಲ್ಲಿ ಆಗಿರಲಿಲ್ಲ. ಬ್ಯಾಂಕಿನ ಸಾಲ 30 ಲಕ್ಷ, ಬಡ್ಡಿ ನೂರಕ್ಕೆ 11, ಅವಧಿ 7 ವರ್ಷ. ಕಂತನ್ನು 84ರಿಂದ ಗುಣಿಸಿದರೆ ಮರಳಿಸುವುದು ಸುಮಾರು 43 ಲಕ್ಷ; ಬಡ್ಡಿಯೊಂದೇ ಸುಮಾರು 13 ಲಕ್ಷ. ಸಾಲದ ಕಾಗದಕ್ಕೆ ಸಹಿ ಹಾಕುವಾಗ ಈ ಗುಣಾಕಾರವನ್ನು ಯಾರೂ ಮಾಡಿರಲಿಲ್ಲ. 2020ರಲ್ಲಿ ಕೋವಿಡ್ ಬಂದು ಹೊರರೋಗಿಗಳು ನಿಂತಾಗ ರಿಸರ್ವ್ ಬ್ಯಾಂಕು ಮಾರ್ಚಿನಿಂದ ಆಗಸ್ಟಿನವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಅಳಿಯ ಅದನ್ನು ಮಾಫಿಯೆಂದೇ ತಿಳಿದಿದ್ದ. ಕಂತು ನಿಂತಿತ್ತೇ ಹೊರತು ಬಡ್ಡಿ ನಿಂತಿರಲಿಲ್ಲ. ಆರು ತಿಂಗಳ ಬಡ್ಡಿ ಅಸಲಿಗೆ ಸೇರಿ ಕುಳಿತಿತ್ತು.

ನಾಲ್ಕನೆಯ ದಿನದ ರಾತ್ರಿ, ರೋಗಿಗಳೆಲ್ಲ ಹೋದ ಮೇಲೆ, ಅಳಿಯ ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದು ನಮ್ಮ ಮುಂದಿಟ್ಟ. ದೂರದ ನಗರದ ಸ್ಕ್ಯಾನಿಂಗ್ ಕೇಂದ್ರವೊಂದರವರು ಕೊಟ್ಟುಹೋದದ್ದು. ಕಳಿಸುವ ಪ್ರತಿ ರೋಗಿಗೆ ಇಂತಿಷ್ಟು, ಸಿ.ಟಿ.ಗೆ ಇಷ್ಟು, ಎಂ.ಆರ್.ಐ.ಗೆ ಇಷ್ಟು, ತಿಂಗಳ ಕೊನೆಗೆ ನಗದು. ಈಗ ಕಳಿಸುತ್ತಿರುವ ರೋಗಿಗಳ ಲೆಕ್ಕದಲ್ಲಿಯೇ ತಿಂಗಳಿಗೆ ಇಪ್ಪತ್ತು ಸಾವಿರಕ್ಕೆ ಕಡಿಮೆಯಾಗದೆಂದು ಹೇಳಿದ್ದರಂತೆ. “ಎಲ್ಲಾರೂ ತಗೋತಾರ ಮಾಮಾ. ನಾ ಇನ್ನೂ ಮುಟ್ಟಿಲ್ಲ. ಆದರ ಹೊಲ ಹೋಗೋದಕ್ಕಿಂತ...” ಎಂದು ಅರ್ಧಕ್ಕೇ ನಿಲ್ಲಿಸಿದ.

ಧರ್ಮೋಪದೇಶ ಮಾಡುವುದು ನಮಗೆ ಕಷ್ಟವೇನಲ್ಲ. ಅದೇ ನಮ್ಮ ವೃತ್ತಿಯಾಗಿತ್ತು. ಆದರೆ ಮೂರು ದಿನ ಆ ಕಿರ್ದಿಯನ್ನು ಬರೆದ ಕೈಗೆ ಉಪದೇಶ ಬರಲಿಲ್ಲ. ಕಾಯ್ದೆ ಏನೆನ್ನುತ್ತದೆಂಬುದು ಆತನಿಗೂ ಗೊತ್ತಿತ್ತು: 2002ರ ವೈದ್ಯರ ನಡತೆಯ ನಿಯಮಗಳು ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿವೆ. 2009ರ ತಿದ್ದುಪಡಿಯು ಔಷಧ ಕಂಪನಿಗಳ ಉಡುಗೊರೆ, ಪ್ರವಾಸಗಳನ್ನೂ ನಿಷೇಧದೊಳಕ್ಕೆ ತಂದಿತು. 2022ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ವೈದ್ಯರಿಗೆ ಕೊಟ್ಟ ಇಂಥ ಉಡುಗೊರೆಗಳ ಖರ್ಚನ್ನು ಕಂಪನಿಗಳು ತೆರಿಗೆಯಲ್ಲಿ ಕಳೆಯುವಂತಿಲ್ಲವೆಂದು ತೀರ್ಪಿತ್ತಿತು. ಇವೆಲ್ಲ ಗೊತ್ತಿದ್ದೂ ಲಕೋಟೆ ಖಾನೆಯಲ್ಲಿತ್ತು. ನಮಗೆ ಎದ್ದು ಕಂಡದ್ದು ಒಂದೇ ಸಂಗತಿ. ಕೊರತೆ ಹದಿನೆಂಟು ಸಾವಿರ, ಲಕೋಟೆ ಇಪ್ಪತ್ತು ಸಾವಿರ. ಕೊರತೆಯ ಮೊತ್ತ ಎಷ್ಟೆಂದು ತಿಳಿಯದೆ ಇದ್ದಾಗ ಮನುಷ್ಯ ಯಾವ ಬಾಗಿಲಿಂದ ಬಂದ ಹಣಕ್ಕೂ ಕೈಚಾಚುತ್ತಾನೆ. ತಿಳಿದ ಮೇಲೆ ಅದನ್ನು ಬೇರೆಡೆ ಹುಡುಕಬಹುದು.

ಹುಡುಕಿದೆವು. ಸಮಾಲೋಚನೆಯ ಶುಲ್ಕ 2018ರಿಂದಲೂ 100 ರೂಪಾಯಿಯೇ ಇತ್ತು. ದಿನಕ್ಕೆ ಮೂವತ್ತು ಹೊರರೋಗಿಗಳು. ಅರ್ಧದಷ್ಟು ಜನ ವಾರದೊಳಗೆ ಮರಳಿ ಬರುವವರು, ಅವರಿಗೆ ಶುಲ್ಕವಿಲ್ಲ. ಉಳಿದ ಹದಿನೈದು ಜನರಿಂದ 50 ರೂಪಾಯಿ ಹೆಚ್ಚು ಪಡೆದರೆ ಇಪ್ಪತ್ತೈದು ದಿನಕ್ಕೆ 18,750 ರೂಪಾಯಿ. ಈ ಅಂಕಿಯನ್ನು ಬರೆದು ತೋರಿಸಿದಾಗ ಅಳಿಯನ ಮೋರೆ ಸಣ್ಣದಾಯಿತು. “ಜನ ಏನಂತಾರ? ಬಡವರ ಊರು” ಎಂದ. ಅದಕ್ಕೆ ಉತ್ತರ ಕೊಟ್ಟವಳು ಆತನ ಹೆಂಡತಿ. ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದವಳು, “ಐವತ್ತು ರೂಪಾಯಿ ಎದುರಿಗೆ ಕೇಳಲಿಕ್ಕೆ ನಾಚಿಕೆ, ಅವರದೇ ಸ್ಕ್ಯಾನ್ ಬಿಲ್ಲಿನೊಳಗಿಂದ ಐದುನೂರು ಹಿಂದಿಂದ ತಗೊಳ್ಳಿಕ್ಕೆ ನಾಚಿಕಿ ಇಲ್ಲೇನು?” ಎಂದಳು. ಆ ರಾತ್ರಿ ಮತ್ತೆ ಯಾರೂ ಮಾತನಾಡಲಿಲ್ಲ. ಲಕೋಟೆ ಮರುದಿನ ಬಂದ ದಾರಿಯಲ್ಲಿಯೇ ಹೋಯಿತು. ಹೊಸ ಶುಲ್ಕವನ್ನು ಫಲಕದ ಮೇಲೆ ಬರೆಸಿ ಹೊರಗೆ ತೂಗುಹಾಕಿದರು. ಖಾಸಗಿ ಆಸ್ಪತ್ರೆಗಳನ್ನು ಕುರಿತ 2007ರ ಕರ್ನಾಟಕದ ಕಾಯ್ದೆಯಂತೆ ದರಗಳನ್ನು ಕಾಣುವಂತೆ ಪ್ರಕಟಿಸುವುದು ಹೇಗೂ ಕಡ್ಡಾಯ. ಜನ ಎರಡು ವಾರ ಗೊಣಗಿದರು, ಆಮೇಲೆ ಕೊಟ್ಟರು.

ಬಡವರ ಮಾತು ಬಂದದ್ದರಿಂದ ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಅಳಿಯ ಉದಾರಿ. ‘ಇವರ ಹತ್ರ ತಗೋಬ್ಯಾಡ್ರಿ’ ಎಂದು ಕೌಂಟರಿನವನಿಗೆ ಕೂಗಿ ಹೇಳುವುದು ದಿನಕ್ಕೆ ನಾಲ್ಕಾರು ಸಲ ನಡೆಯುತ್ತಿತ್ತು. ನಿಜವಾದ ಬಡವರ ಜೊತೆಗೆ ಗ್ರಾಮ ಪಂಚಾಯಿತಿ ಸದಸ್ಯರು, ಸಹಪಾಠಿಯ ಷಡ್ಡಕರು, ಹೊಲದ ನೆರೆಯವರು ಎಲ್ಲರೂ ಆ ಕೂಗಿನ ನೆರಳಿನಲ್ಲಿ ಬರುತ್ತಿದ್ದರು. ನಾವು ಹೇಳಿದೆವು: ರಿಯಾಯಿತಿಗೆ ಒಂದು ಖಾತೆ ತೆರೆ, ತಿಂಗಳಿಗೆ 15,000 ಎಂದು ಮಿತಿ ಇಡು, ಹೆಸರು, ಕಾರಣ, ಮೊತ್ತ ಬರೆದಿಡು. ದಾನವನ್ನು ಲೆಕ್ಕದಲ್ಲಿ ಬರೆದರೆ ಅದರ ಪುಣ್ಯ ಕರಗುತ್ತದೆಂಬ ಭಾವನೆ ನಮ್ಮ ಜನರಲ್ಲಿದೆ. ನಾವು ಅದನ್ನು ಒಪ್ಪುವುದಿಲ್ಲ. ಸಾವಿರ ಜನ ಉಂಡುಹೋದ ದಾಸೋಹದ ಲೆಕ್ಕವನ್ನು ಸೇರು ಪಾವಿನಲ್ಲಿ ಬರೆದಿಟ್ಟದ್ದರಿಂದಲೇ ಮರುದಿನ ಒಲೆ ಹೊತ್ತಿತು. ಖಾತೆ ತೆರೆದ ಮೊದಲ ತಿಂಗಳಲ್ಲಿಯೇ ಷಡ್ಡಕರು ಕಡಿಮೆಯಾದರು, ಕೂಲಿಕಾರರ ಹೆಸರುಗಳು ಹೆಚ್ಚಿದವು. ಏಕೆಂದರೆ ಹೆಸರಿನ ಮುಂದೆ ಕಾರಣ ಬರೆಯಬೇಕಾಗಿತ್ತು.

ಕಾರು ಮಾರಿದರು. ಅದರ ಕಂತು 22,000 ಉಳಿಯಿತು. ಹಳೆಯ ಸಣ್ಣ ಕಾರೊಂದನ್ನು ಕೊಂಡರು. ಮನೆಯ ಖರ್ಚನ್ನು 95,000ಕ್ಕೆ ಇಳಿಸಿ, ಪ್ರತಿ ತಿಂಗಳ 5ರಂದು ಅಷ್ಟೇ ಹಣ ಆಸ್ಪತ್ರೆಯ ಖಾತೆಯಿಂದ ಮನೆಯ ಖಾತೆಗೆ ಹೋಗುವ ಏರ್ಪಾಡಾಯಿತು. ವೈದ್ಯ ತನಗೆ ತಾನೇ ಪಗಾರ ಕೊಟ್ಟುಕೊಳ್ಳುವ ಈ ಕ್ರಮ ಮೊದಲು ವಿಚಿತ್ರವೆನಿಸುತ್ತದೆ, ಆರು ತಿಂಗಳಲ್ಲಿ ಒಗ್ಗುತ್ತದೆ. ಮೂರನೆಯ ಖಾತೆ ತೆರಿಗೆಗೆ: ಪ್ರತಿ ಶನಿವಾರ 5,000 ರೂಪಾಯಿ. ಮುಂಗಡ ತೆರಿಗೆಯನ್ನು ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15 ಹೀಗೆ ನಾಲ್ಕು ಗಡುವುಗಳಲ್ಲಿ ಕಟ್ಟಬೇಕು. ಮೊದಲ ಗಡುವಿಗೆ ನೂರಕ್ಕೆ 15, ಎರಡನೆಯದಕ್ಕೆ 45, ಮೂರನೆಯದಕ್ಕೆ 75ರಷ್ಟು ಸಂದಿರಬೇಕು. ತಪ್ಪಿದರೆ ಬಡ್ಡಿ.

ಇನ್ನು ಆ ಲ್ಯಾಪ್ರೊಸ್ಕೋಪಿ ಯಂತ್ರದ ಕಥೆ. ಮೂವತ್ತು ಲಕ್ಷದ ಸಾಲದಲ್ಲಿ ಹನ್ನೆರಡು ಲಕ್ಷ ಅದಕ್ಕೇ ಹೋಗಿತ್ತು. ಆ ಹನ್ನೆರಡು ಲಕ್ಷದ ಪಾಲಿಗೆ ಬರುವ ಕಂತು ತಿಂಗಳಿಗೆ 20,500. ಸಾಮಗ್ರಿ, ಶಸ್ತ್ರಚಿಕಿತ್ಸಕರ ಸಂಭಾವನೆ ಎಲ್ಲ ಕಳೆದು ಒಂದು ಬಳಕೆಗೆ ಸಾವಿರ ರೂಪಾಯಿ ಉಳಿಯುತ್ತಿತ್ತು. ಕಂತು ಹುಟ್ಟಬೇಕಾದರೆ ತಿಂಗಳಿಗೆ ಇಪ್ಪತ್ತೊಂದು ಶಸ್ತ್ರಚಿಕಿತ್ಸೆಗಳಾಗಬೇಕು. ಆಗುತ್ತಿದ್ದುದು ಆರು. ಹೊರಗಿನಿಂದ ಬರುವ ಶಸ್ತ್ರಚಿಕಿತ್ಸಕರು ತಿಂಗಳಿಗೆ ಎರಡೇ ಸಲ ಬರುತ್ತಿದ್ದರು. ಯಂತ್ರ ಮಾರುವವನು ತನ್ನ ಕಾಗದದಲ್ಲಿ ಮೂವತ್ತು ಎಂದು ಬರೆದುಕೊಟ್ಟಿದ್ದ! ಯಂತ್ರವಿದ್ದರೆ ರೋಗಿ ತಾನಾಗಿ ಬರುತ್ತಾನೆಂಬುದು ಮಾರುವವನ ಮಾತು. ಬರುತ್ತಾನೋ ಇಲ್ಲವೋ ತಿಳಿಯದು. ಯಂತ್ರದ ಕಂತು ಬಂದಾಗ ಅವಶ್ಯವಿಲ್ಲದ ರೋಗಿಯ ಹೊಟ್ಟೆಯ ಮೇಲೂ ವೈದ್ಯನ ಕಣ್ಣು ಬೀಳುವ ಅಪಾಯವಿದೆ ಎಂದಷ್ಟೇ ನಾವು ಹೇಳಬಲ್ಲೆವು. ಐದು ಲಕ್ಷಕ್ಕೆ ಯಂತ್ರ ಹೋಯಿತು. ಹಣ ನೇರವಾಗಿ ಸಾಲದ ಅಸಲಿಗೆ ಹೋಯಿತು. ಕಂತನ್ನು ಇಳಿಸಬೇಡಿ, ಅವಧಿಯನ್ನು ಇಳಿಸಿ ಎಂದು ಬ್ಯಾಂಕಿನವರಿಗೆ ಬರೆದುಕೊಟ್ಟೆವು.

ಪುಸ್ತಕಗಳ ವಿಚಾರದಲ್ಲಿ ಒಂದು ಮಾತು. 1962ರ ಆದಾಯ ತೆರಿಗೆ ನಿಯಮಗಳಲ್ಲಿ ವೈದ್ಯರಿಗೆಂದೇ 3ಸಿ ಎಂಬ ದಿನವಹಿಯ ನಮೂನೆಯನ್ನು ಇರಿಸಿದ್ದರು: ತಾರೀಖು, ಅನುಕ್ರಮ ಸಂಖ್ಯೆ, ರೋಗಿಯ ಹೆಸರು, ಮಾಡಿದ ಸೇವೆ, ಪಡೆದ ಶುಲ್ಕ, ಪಡೆದ ದಿನ. ಇದರ ಜೊತೆಗೆ ವರ್ಷದ ಮೊದಲ ದಿನದ ಮತ್ತು ಕೊನೆಯ ದಿನದ ಔಷಧಿ ದಾಸ್ತಾನು. ಓದಿದಾಗ ನಮಗೆ ಮಠದ ಕಿರ್ದಿಯನ್ನೇ ಕಂಡಂತಾಯಿತು. 2025ರಲ್ಲಿ ಸಂಸತ್ತು ಹೊಸ ಆದಾಯ ತೆರಿಗೆ ಕಾಯ್ದೆಯನ್ನು ಮಾಡಿ 2026ರ ಏಪ್ರಿಲ್ 1ರಿಂದ ಜಾರಿಯೆಂದು ಗೊತ್ತುಪಡಿಸಿದ್ದರಿಂದ ಕಲಮುಗಳ, ನಮೂನೆಗಳ ಸಂಖ್ಯೆಗಳನ್ನು ಲೆಕ್ಕ ಪರಿಶೋಧಕರಲ್ಲಿ ಕೇಳಿಕೊಳ್ಳುವುದು ಲೇಸು. ಒಂದೇ ಕೋಣೆಯ ದವಾಖಾನೆ ನಡೆಸುವ ವೈದ್ಯರಿಗೆ 2016ರ ಹಣಕಾಸು ಕಾಯ್ದೆ ಒಂದು ಸುಲಭ ದಾರಿ ತೆರೆಯಿತು: ವರ್ಷದ ಜಮೆ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಆದಾಯವೆಂದು ಘೋಷಿಸಿ ತೆರಿಗೆ ಕಟ್ಟಬಹುದು, ದೊಡ್ಡ ಪುಸ್ತಕಗಳ ತೊಡಕಿಲ್ಲ. ನಗದಿನ ಪಾಲು ನೂರಕ್ಕೆ 5ನ್ನು ಮೀರದಿದ್ದರೆ ಈ ಮಿತಿ 75 ಲಕ್ಷ ಎಂದು 2023ರಲ್ಲಿ ಏರಿಸಿದರು. ಈ ದಾರಿ ಹಿಡಿದವರೂ ತಮ್ಮ ತಿಳಿವಳಿಕೆಗಾಗಿಯಾದರೂ ಕಿರ್ದಿ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ. ತೆರಿಗೆಯವರಿಗೆ ಬೇಡವಾದದ್ದು ಮನೆಯವರಿಗೆ ಬೇಡವೆಂದಲ್ಲ. ನಗದಿನ ಬಗ್ಗೆ ಇನ್ನೊಂದು ಎಚ್ಚರ: ಒಬ್ಬರಿಂದ ಒಂದು ದಿನದಲ್ಲಿ ಎರಡು ಲಕ್ಷ ಅಥವಾ ಮೇಲ್ಪಟ್ಟು ನಗದು ಪಡೆಯುವುದನ್ನು 2017ರ ಏಪ್ರಿಲ್‌ನಿಂದ ನಿಷೇಧಿಸಿದ್ದಾರೆ. ಪಡೆದರೆ ಪಡೆದಷ್ಟೇ ದಂಡ.

ಅಳಿಯನ ಜಮೆ ಆಗಿನ ಮಿತಿಯನ್ನು ದಾಟಿದ್ದರಿಂದ ಆತನ ಲೆಕ್ಕ ಪರಿಶೋಧನೆಗೇ ಹೋಗಬೇಕಾಗಿತ್ತು. ಆ ಪುಸ್ತಕಗಳನ್ನು ತಿರುವುತ್ತಿರುವಾಗ ನಮಗೆ ವಿಷಾದವೆನಿಸಿದ ಸಂಗತಿಯೊಂದು ಕಂಡಿತು. ನಾಲ್ಕು ವರ್ಷಗಳ ಬರಹದಲ್ಲಿ ಅಕ್ಕನ ಸೊಸೆಯ ಹೆಸರಿನಲ್ಲಿ ಒಂದು ರೂಪಾಯಿಯೂ ಇರಲಿಲ್ಲ. ತಡರಾತ್ರಿ ಹೆರಿಗೆಗೆ ಎದ್ದು ಹೋಗುವವಳು ಆಕೆ. ಹೆರಿಗೆಯ ಬಿಲ್ಲು ಗಂಡನ ಹೆಸರಿನಲ್ಲಿ. ಕೇಳಿದರೆ, “ಎಲ್ಲಾ ಒಂದೇ ಮನಿ ಅಲ್ರೀ ಮಾವನವರ” ಎಂದಳು. ಮನೆ ಒಂದೇ, ನಿಜ. ಆದರೆ ಬ್ಯಾಂಕಿನವರ ಕಣ್ಣಿಗೆ, ತೆರಿಗೆಯವರ ಕಣ್ಣಿಗೆ ಆಕೆ ಏನೂ ದುಡಿಯದ ಗೃಹಿಣಿ. ನಾಳೆ ಆಕೆ ತನ್ನ ಹೆಸರಿನಲ್ಲಿ ಸಾಲ ಕೇಳಿದರೆ ತೋರಿಸಲು ಒಂದು ಕಾಗದವಿಲ್ಲ. ಹೆಂಡತಿಗೆ ಕೊಟ್ಟ ಹಣವನ್ನು ಗಂಡನ ಆದಾಯಕ್ಕೇ ಸೇರಿಸುವರೆಂಬ ಭಯದಿಂದ ಹಲವರು ಹಾಗೆ ಮಾಡುತ್ತಾರೆ. ಆದರೆ ಹೆಂಡತಿಗೆ ವೃತ್ತಿಯ ವಿದ್ಯಾರ್ಹತೆಯಿದ್ದು ಆ ಸಂಭಾವನೆ ಅದರಿಂದಲೇ ಬಂದುದಾದರೆ ಹಾಗೆ ಸೇರಿಸುವಂತಿಲ್ಲವೆಂದು ಕಾಯ್ದೆಯಲ್ಲಿಯೇ ಇದೆ. ಮೊತ್ತ ಮಾತ್ರ ಕೆಲಸಕ್ಕೆ ತಕ್ಕದ್ದಾಗಿರಬೇಕು. ಮುಂದಿನ ತಿಂಗಳಿನಿಂದ ಆಕೆಯ ಸಂಭಾವನೆ ಆಕೆಯ ಖಾತೆಗೆ ಹೋಗತೊಡಗಿತು. ಮನೆಯ ತೆರಿಗೆಯೂ ಒಟ್ಟಿನಲ್ಲಿ ತಗ್ಗಿತು ಎಂಬುದು ಎರಡನೆಯ ಮಾತು. ವೈದ್ಯ ದಂಪತಿಗಳಿರುವ ಮನೆಗಳವರು ಇದನ್ನೊಮ್ಮೆ ನೋಡಿಕೊಳ್ಳಬೇಕು.

ಅಕ್ಕನ ಹೊಲದ ಚಿಂತೆ ಇನ್ನೂ ಉಳಿದಿತ್ತು. ಕಂತು ಸರಿಯಾಗಿ ಹೋದರೆ ಹೊಲ ಉಳಿಯುತ್ತದೆ. ಕಂತು ಹೋಗುವುದು ಅಳಿಯನ ಕೈಕಾಲು ಗಟ್ಟಿಯಿರುವವರೆಗೆ. ಸರಕಾರಿ ನೌಕರ ಹಾಸಿಗೆ ಹಿಡಿದರೆ ರಜೆಯ ಪಗಾರವಾದರೂ ಬರುತ್ತದೆ. ಸ್ವಂತ ಆಸ್ಪತ್ರೆಯ ವೈದ್ಯ ಮಲಗಿದರೆ ಆ ದಿನದಿಂದಲೇ ಜಮೆ ನಿಲ್ಲುತ್ತದೆ, ಪಗಾರ ಮತ್ತು ಕಂತು ನಿಲ್ಲುವುದಿಲ್ಲ. ಅಳಿಯನ ಬಳಿ ವಿಮೆಯ ಪಾಲಿಸಿಗಳು ಆರು ಇದ್ದವು. ಆರನ್ನೂ ಬಂಧುಗಳ ಒತ್ತಾಯಕ್ಕೆ, ಮಾರ್ಚ್ ತಿಂಗಳಲ್ಲಿ, ತೆರಿಗೆ ಉಳಿಸಲೆಂದು ಕೊಂಡದ್ದು. ಆರೂ ಸೇರಿ ಸತ್ತರೆ ಬರುವ ಮೊತ್ತ ಸಾಲದ ಅರ್ಧಕ್ಕೂ ಸಾಲದು. (2023-24ರಿಂದ ತಾನಾಗಿ ಅನ್ವಯಿಸುವ ಹೊಸ ತೆರಿಗೆ ಪದ್ಧತಿಯಲ್ಲಿ ಆ ಪ್ರೀಮಿಯಮ್ಮಿಗೆ ವಿನಾಯಿತಿಯೂ ಇಲ್ಲ.) ಉಳಿತಾಯದ ಆಮಿಷವಿಲ್ಲದ, ಬರಿಯ ಅವಧಿ ವಿಮೆಯೊಂದನ್ನು ಸಾಲದ ಎರಡು ಪಟ್ಟು ಮೊತ್ತಕ್ಕೆ ಮಾಡಿಸಿದೆವು. ಅದನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ, ಹೆಂಡತಿ ಮಕ್ಕಳ ಹಿತಕ್ಕೆಂದು ಬರೆಸಿದೆವು. ಹಾಗೆ ಬರೆಸಿದ ಪಾಲಿಸಿಯ ಹಣ ಗಂಡನ ಆಸ್ತಿಯೊಳಗೆ ಸೇರದು, ಸಾಲಗಾರರು ಅದನ್ನು ಮುಟ್ಟುವಂತಿಲ್ಲ. ನೂರೈವತ್ತು ವರ್ಷಗಳ ಹಿಂದೆ ಬರೆದ ಆ ಕಾಯ್ದೆಯ ಆರನೆಯ ಕಲಮನ್ನು ಓದಿ ನಮಗೆ ಬಹಳ ಸಮಾಧಾನವಾಯಿತು. ಸಾರ್ವಜನಿಕ ಭವಿಷ್ಯನಿಧಿಯ ಖಾತೆಗೂ ಅಂಥದೇ ರಕ್ಷಣೆಯಿದೆ, ನ್ಯಾಯಾಲಯದ ಜಪ್ತಿ ಅದಕ್ಕೆ ತಾಗದು. ಗಂಡ ಹೆಂಡತಿ ಇಬ್ಬರೂ ತೆರೆದರು.

ಇನ್ನೊಂದು ವಿಮೆ ವೃತ್ತಿಯ ಹೊಣೆಗಾರಿಕೆಯದು. 1995ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ವೈದ್ಯರ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತದೆಂದು ತೀರ್ಪಿತ್ತ ಮೇಲೆ ಇದಿಲ್ಲದೆ ವೈದ್ಯರು ಕೂರುವಂತಿಲ್ಲ. ಆ ತೀರ್ಪಿನಲ್ಲಿ ಬಹುಜನರಿಗೆ ತಿಳಿಯದ ಅಂಶವೊಂದಿದೆ. ಎಲ್ಲರಿಗೂ ಉಚಿತವಾಗಿ ನಡೆಯುವ ಆಸ್ಪತ್ರೆ ಕಾಯ್ದೆಯ ಹೊರಗೆ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವಲ್ಲಿ ಉಚಿತ ರೋಗಿಯೂ ಗ್ರಾಹಕನೇ. ಆದ್ದರಿಂದ ರಿಯಾಯಿತಿ ಖಾತೆಯ ರೋಗಿಗೂ ಚೀಟಿ, ಕಾಗದಪತ್ರ ಎಲ್ಲವೂ ಹಣ ಕೊಟ್ಟವರಂತೆಯೇ ಇರಬೇಕು.

ಶುಲ್ಕದ ಏರಿಕೆ, ಕಾರಿನ ಕಂತು, ಮನೆಯ ಖರ್ಚಿನ ಇಳಿಕೆ ಮೂರೂ ಸೇರಿ ತಿಂಗಳ 18,000ದ ಕೊರತೆ 37,000ಕ್ಕೆ ಮೇಲ್ಪಟ್ಟ ಉಳಿಕೆಯಾಗಿ ತಿರುಗಿತು. ಇಪ್ಪತ್ತು ಸಾವಿರ ತೆರಿಗೆಯ ಖಾತೆಗೆ, ಮಿಕ್ಕದ್ದು ವಿಮೆಗಳಿಗೆ ಮತ್ತು ಆಪತ್ತಿನ ನಿಧಿಗೆ. ಇದನ್ನು ಕೇಳಿದ ಕೂಡಲೇ ನಿವೇಶನದ ದಲ್ಲಾಳಿಗಳು, ಚೀಟಿ ನಡೆಸುವವರು, ಹಣ ದ್ವಿಗುಣ ಮಾಡಿಕೊಡುವವರು ಬಂದರು. ಸಮಯವಿಲ್ಲದ ವೈದ್ಯನೆಂದರೆ ಅವರಿಗೆಲ್ಲ ಬಲು ಪ್ರೀತಿ. ವಾರ್ಷಿಕ ಬಡ್ಡಿಯಿಂದ 72ನ್ನು ಭಾಗಿಸಿದರೆ ಹಣ ದ್ವಿಗುಣವಾಗುವ ವರ್ಷಗಳು ಸರಿಸುಮಾರು ಸಿಗುತ್ತವೆ. ಎರಡು ವರ್ಷದಲ್ಲಿ ದುಪ್ಪಟ್ಟು ಎನ್ನುವವನು ನೂರಕ್ಕೆ 36ರ ಬಡ್ಡಿ ತೋರಿಸುತ್ತಿದ್ದಾನೆಂದೇ ಅರ್ಥ. ಅಂಥವರನ್ನು ಅಕ್ಕ ಬಾಗಿಲಲ್ಲೇ ಚಹಾ ಕೊಟ್ಟು ಕಳಿಸಿದಳು.

2025ರ ಬೇಸಿಗೆಯಲ್ಲಿ ಬ್ಯಾಂಕಿನ ಸಾಲ ತೀರಿತು. ಬೋಜಾ ತೆಗೆಸಲು ತಹಶೀಲ್ದಾರರ ಕಚೇರಿಗೆ ನಾಲ್ಕು ಸಲ ಅಲೆಯಬೇಕಾಯಿತು. ಹೊಸ ಪಹಣಿ ಬಂದ ದಿನ ಅಕ್ಕ ಅದನ್ನು ಅಳಿಯನಿಂದ ಎರಡು ಸಲ ಓದಿಸಿಕೊಂಡು, 11ನೆಯ ಕಲಮು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲು ಹೇಳಿದಳಂತೆ.

ಕಿರ್ದಿಯನ್ನು ಈಗ ಅಕ್ಕನ ಸೊಸೆಯೇ ಬರೆಯುತ್ತಾಳೆ, ಗಣಕಯಂತ್ರದಲ್ಲಿ. ಪ್ರತಿ ತಿಂಗಳ ಕೊನೆಗೆ ಶಿಲ್ಕಿನ ಹಾಳೆಯನ್ನು ನಮ್ಮ ಫೋನಿಗೆ ಕಳಿಸುವ ಪದ್ಧತಿಯನ್ನು ತಪ್ಪಿಸಿಲ್ಲ. ಅಳಿಯ ಈಚೆಗೆ ಮತ್ತೆ ಒಂದು ಯಂತ್ರದ ಮಾತೆತ್ತಿದ್ದಾನೆ. ಹೃದಯದ ಎಕೋ ಪರೀಕ್ಷೆಯದು, ಬೆಲೆ ಹದಿನೈದು ಲಕ್ಷವಂತೆ. ಕೊಳ್ಳಬೇಡವೆಂದು ನಾವು ಹೇಳಲಿಲ್ಲ. ಆ ಪರೀಕ್ಷೆಗೆಂದು ಈಗ ಹೊರಗೆ ಕಳಿಸುತ್ತಿರುವ ರೋಗಿಗಳನ್ನು ಆರು ತಿಂಗಳು ಎಣಿಸಿ, ದಿನದ ವಹಿಯ ಅಂಚಿನಲ್ಲಿ ಬರೆದಿಡಲು ಹೇಳಿದ್ದೇವೆ. ಕಂತು ಹುಟ್ಟಲು ತಿಂಗಳಿಗೆ ಮೂವತ್ತಾದರೂ ಬೇಕು. ಕಳೆದ ತಿಂಗಳ ಎಣಿಕೆ ಹದಿನಾಲ್ಕು.